ಸೇಬಿಗೂ ಒಂದು ತಿಂಗಳ ಬರೀರಿ

ಮೇ ತಿಂಗಳದಾಗ ಅವ್ವಗ ಜ್ವರ ಬಂದು ಹೋಗಿತ್ತು, ಬಾಯಿಗೆ ರುಚಿ ಇರಲಿಲ್ಲ. ಒಂದು ಕಿಲೋ ಕಾಶ್ಮೀರದ ಸೇಬು ತಂದೆ. "ನಿನ್ನೇನ ಬಂದಾವ್ರಿ ಅಕ್ಕಾರ, ಭಾಳ ಫ್ರೆಶ್ ಅದಾವ" ಅಂದ ಅಂಗಡಿಯಂವ. ಹೆಚ್ಚಿ ಕೊಟ್ಟೆ. ಹಲ್ಲಿಗೆ ಕಟುಮ್ ಅಂತಿತ್ತು, ಸಿಹಿನೂ ಇತ್ತು. ಅವ್ವ ಮಾತ್ರ ಹೋಳು ಮೂಸಿ ನೋಡಿ, "ಇದಕ್ಕ ವಾಸನೀನ ಇಲ್ಲಲ್ಲವಾ" ಅಂದ್ಲು. ಉಳಿದ ಹಣ್ಣು ಬುಟ್ಟ್ಯಾಗ ಬಾಳಿಹಣ್ಣಿನ ಜೋಡಿ ಇಟ್ಟೆ. ವಾರದೊಳಗ ಮೆತ್ತಗಾಗಿ ಹಿಟ್ಟಿನಂಗ ಆದ್ವು. ಬಾಜೂ ಮನಿ ವೈನಿ, "ಔಷಧ ಹಾಕಿರ್ತಾರ, ಇನ್ನ ತರಬ್ಯಾಡ್ರಿ" ಅಂದ್ರು.

ನನಗ ಅಂಗಡಿಯವನ ಮಾತೂ ಒಪ್ಪಿಗಿ ಇಲ್ಲ, ವೈನಿ ಮಾತೂ ಒಪ್ಪಿಗಿ ಇಲ್ಲ.

ಕಾಶ್ಮೀರದಾಗ ಸೇಬು ಹರಿಯೋದು ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್ ತನಕ. ಮೇದಾಗ ಸಿಗೋದು ಏಳೆಂಟು ತಿಂಗಳ ಹಿಂದಿನ ಹಣ್ಣು. ಗಿಡದಿಂದ ಹರಿದ ಮ್ಯಾಲೂ ಹಣ್ಣು ಉಸಿರಾಡ್ತದ. ತನ್ನೊಳಗಿನ ಸಕ್ಕರಿ, ಹುಳಿ ಖರ್ಚು ಮಾಡ್ಕೊಂತ ಮುಪ್ಪಾಗ್ತದ. ನಮ್ಮ ಸುತ್ತಿನ ಗಾಳ್ಯಾಗ ಆಕ್ಸಿಜನ್ ಶೇ. 21 ಇರ್ತದ. ಗಾಳಿ ಆಡಧಂಗ ಮುಚ್ಚಿದ ಖೋಲಿಯೊಳಗ ಅದನ್ನ ಶೇ. 1ರಿಂದ 3ಕ್ಕ ಇಳಿಸಿ, ಸೊನ್ನೆ ಡಿಗ್ರಿ ಆಸುಪಾಸಿನ ತಂಪಿನಾಗ ಇಟ್ರ, ಹಣ್ಣಿನ ಉಸಿರು ನಿಧಾನ ಆಗ್ತದ. ಮಾಗಿಸೋ ಎಥಿಲೀನ್ ಅನಿಲಾನೂ ಕಡಿಮಿ ಹುಟ್ಟತದ. ಒಟ್ಟಿನಾಗ ಹಣ್ಣನ್ನ ಮಲಗಿಸಿಧಂಗ. ಆಕ್ಸಿಜನ್ ತೀರಾ ಕಡಿಮಿ ಆದ್ರ ಹಣ್ಣು ಒಳಗೊಳಗ ಹುದುಗಿ ಶೆರೆ ವಾಸನಿ ಹಿಡೀತದ, ತಿರುಳು ಕಂದಾಗ್ತದ. ಅದಕ್ಕ ಅಳತಿ ತಪ್ಪಬಾರದು.

ಇದು ಗಾಳಿ ಬದಲಿಸೋ ಕೆಲಸ, ಔಷಧ ಹೊಡಿಯೋದಲ್ಲ. ಮ್ಯಾಲೆ ಮೇಣ ಹಚ್ಚೋದು ಬ್ಯಾರೆ ಮಾತು. ಹೊಸಾದೂ ಅಲ್ಲ. 1920ರ ದಶಕದಾಗ ಇಂಗ್ಲೆಂಡಿನ ಕಿಡ್ ಮತ್ತ ವೆಸ್ಟ್ ಅನ್ನೋ ವಿಜ್ಞಾನಿಗಳು ಸೇಬಿನ ಮ್ಯಾಲೆ ಮಾಡಿ ತೋರಿಸಿದ್ದು.

ಆದ್ರ ಅವ್ವನ ಮೂಗು ಸುಳ್ಳು ಹೇಳಿರಲಿಲ್ಲ. ಹಣ್ಣು ಮಾಗೋವಾಗ ಘಮ ಹುಟ್ಟತದ. ಮಾಗೋದನ್ನ ತಿಂಗಳಗಟ್ಟಲೆ ತಡದ್ರ ಘಮಾನೂ ತಡೀತದ. ಭಾಳ ದಿನ ಹಂಗಿಟ್ಟ ಹಣ್ಣು ಹೊರಗ ತಂದ ಮ್ಯಾಲೂ ಮೊದಲಿನಷ್ಟು ಘಮ ಕೊಡಂಗಿಲ್ಲ. ಖೋಲಿಯಿಂದ ಹೊರಗ ಬಿದ್ದು ಮತ್ತ ಉಸಿರಾಡಾಕ ಸುರು ಮಾಡಿದ್ರ, ನಮ್ಮ ಮೇ ತಿಂಗಳ ಬಿಸಲಿಗೆ ಲಗೂನ ಮುಪ್ಪಾಗ್ತದ. ಬಾಳಿಹಣ್ಣು ಎಥಿಲೀನ್ ಬಿಡ್ತದ, ಅದರ ಜೋಡಿ ಇಟ್ಟದ್ದು ನನ್ನ ತಪ್ಪು.

ಹಿಂಗ ಇಡೋದಕ್ಕ ನನ್ನ ತಕರಾರಿಲ್ಲ. ಇಡಾಕ ಜಾಗಾ ಸಿಕ್ಕ ಬೆಳಿಗಾರ, ಸುಗ್ಗ್ಯಾಗ ರೇಟು ಬಿದ್ದಾಗ ಸಿಕ್ಕಷ್ಟಕ್ಕ ಮಾರೋದು ತಪ್ಪತದ. ನನ್ನ ತಕರಾರು ಇರೋದು ಮುಚ್ಚಿಡೋದಕ್ಕ. ಹಾಲಿನ ಪಾಕೀಟಿಗೆ ತಾರೀಖು ಅದ, ಬಿಸ್ಕೀಟಿಗೆ ಅದ. ಸೇಬಿನ ಮ್ಯಾಲಿನ ಚೀಟಿಗೆ ಹರಿದ ತಿಂಗಳಾ ಬರದ್ರ ಏನು ಹೋಗ್ತದ? ಹಳೇ ಅಕ್ಕಿ ನಾವು ಹಳೇದು ಅಂತ ಗೊತ್ತಿದ್ದ, ಹೆಚ್ಚಿಗಿ ರೊಕ್ಕ ಕೊಟ್ಟು ತರ್ತೀವಿ. ಹಳೇದಾಗೋದು ತಪ್ಪಲ್ಲ, ಹಳೇದನ್ನ "ನಿನ್ನೆದು" ಅನ್ನೋದು ತಪ್ಪು. ತಿಂಗಳಾ ಗೊತ್ತಿದ್ರ ನಾನು ಕಿಲೋಗಟ್ಟಲೆ ತರ್ತಿರಲಿಲ್ಲ. ನಾಕು ಹಣ್ಣು ತಂದು, ಬ್ಯಾರೆ ಚೀಲದಾಗ ಹಾಕಿ ಫ್ರಿಜ್ಜಿನಾಗ ಇಡ್ತಿದ್ದೆ.

ಇಷ್ಟೆಲ್ಲಾ ಅವ್ವಗ ಹೇಳಿದ್ರ, ಆಕಿ ಕೇಳಿದ್ದು ಒಂದ: "ಮೇ ತಿಂಗಳದಾಗ ಮಾವಿನಹಣ್ಣು ಬಿಟ್ಟು ಸೇಬು ಯಾಕ ತಂದಿ?"