ಪಡಸಾಲೆಯ ಗೋಡೆಯ ಮೇಲೊಂದು ಪಾದರಕ್ಷೆ



ಗೃಹಾಲಂಕಾರದ ವಿಷಯವಾಗಿ ಈ ಅಂಕಣದಲ್ಲಿ ರಂಗೋಲಿ, ತೋರಣ, ಕೌದಿಗಳ ಬಗ್ಗೆ ಆಗಾಗ ಬರೆದದ್ದುಂಟು. ಈ ತಿಂಗಳು ಬರೆಯಬೇಕಾಗಿ ಬಂದಿರುವುದು ಒಂದು ಚಿತ್ರಪಟದ ಸಂಗತಿ. ಅದರಲ್ಲಿ ದೇವರಿಲ್ಲ, ಶರಣರಿಲ್ಲ, ಹೂವು ಹಣ್ಣುಗಳೂ ಇಲ್ಲ. ಇರುವುದು ಒಂದು ಜೋಡು; ಅದೂ ಒಂಟಿ ಜೋಡು. ಎತ್ತರದ ಹಿಮ್ಮಡಿಯ, ಗುಲಾಬಿ ಬಣ್ಣದ, ಸ್ತ್ರೀಯರು ಧರಿಸುವ ಪಾದರಕ್ಷೆ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳು ದೀಪಾವಳಿಗೆ ಬಂದಾಗ ಅದಕ್ಕೆ ಕಟ್ಟು ಹಾಕಿಸಿ ತಂದಿದ್ದಳು. “ಇದು ಪಾಪ್ ಆರ್ಟ್, ಅಮ್ಮಾ” ಎಂದು ಸಂಭ್ರಮದಿಂದ ಪಡಸಾಲೆಯ ಗೋಡೆಗೆ ತೂಗುಹಾಕಿದಳು. ಆ ಗೋಡೆಯ ಎದುರಿಗೆ ಕುಳಿತೇ ನಮ್ಮ ಅತ್ತೆಯವರು ಸೊಸೆಯಾಗಿ ಬಂದ ದಿನದಿಂದ ಇಷ್ಟಲಿಂಗ ಪೂಜೆ ಮಾಡಿಕೊಂಡು ಬಂದವರು. ಮರುದಿನ ಬೆಳಿಗ್ಗೆ ಅವರು ಮಣೆಯನ್ನೂ ವಿಭೂತಿಯನ್ನೂ ಎತ್ತಿಕೊಂಡು ಹಿತ್ತಿಲ ಜಗುಲಿಗೆ ಹೋದರು. ಒಂದು ಮಾತೂ ಆಡಲಿಲ್ಲ. ಎಂಬತ್ತನಾಲ್ಕರ ಜೀವ, ಮಂಡಿನೋವು ಬೇರೆ; ಹಿತ್ತಿಲಿಗೆ ಎರಡು ಮೆಟ್ಟಿಲು ಇಳಿಯಬೇಕು, ಮುಂಜಾನೆಯ ಚಳಿ. ಮೂರನೆಯ ದಿನ ನನಗೆ ಕಾರಣ ಹೊಳೆಯಿತು. ಅಷ್ಟು ತಡವಾಗಿ ಹೊಳೆದದ್ದಕ್ಕೆ ನಾಚಿಕೆಯೂ ಆಯಿತು.

ಮಗಳು ಸುಮ್ಮನಿರುವವಳಲ್ಲ. “ಹರಳಯ್ಯ-ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಮಾಡಿಕೊಟ್ಟ ಪಾದರಕ್ಷೆಯನ್ನು ಬಸವಣ್ಣನವರು ತಲೆಯ ಮೇಲಿಟ್ಟುಕೊಂಡರೆಂದು ಕಥೆ ಹೇಳಿದವಳು ನೀನೇ ಅಲ್ಲವೇ ಅಜ್ಜಿ? ಜೋಡು ಮೈಲಿಗೆ ಹೇಗಾಯಿತು?” ಎಂದು ಕೇಳಿದಳು. ಅತ್ತೆಯವರು ನಿಧಾನವಾಗಿ, “ಅವು ಯಾವುದೋ ಅಂಗಡಿಯ ಜಾಹೀರಾತಾಗಿರಲಿಲ್ಲ ಮಗಳೇ” ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಮಗಳಿಂದ ಕೇಳಿ, ನಾನೂ ಒಂದಷ್ಟು ಓದಿ ತಿಳಿದುಕೊಂಡೆ. ಏನೂ ಅರಿಯದ ಅತ್ತೆಯವರ ಊಹೆ ನಿಜವೇ ಆಗಿತ್ತು!

ಚಿತ್ರದ ಮೂಲ ಕರ್ತೃ ಆಂಡಿ ವಾರ್ಹಾಲ್. 1928ರಲ್ಲಿ ಅಮೆರಿಕೆಯ ಪಿಟ್ಸ್‌ಬರ್ಗ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ ಜನಿಸಿದವನು. ತಂದೆತಾಯಿಗಳು ಇಂದು ಸ್ಲೊವಾಕಿಯ ಎನಿಸಿಕೊಳ್ಳುವ ನಾಡಿನ ಹಳ್ಳಿಯಿಂದ ಹೊಟ್ಟೆಪಾಡಿಗಾಗಿ ವಲಸೆ ಹೋದವರು. ದುಡಿದು ದಣಿದ ತಂದೆ 1942ರಲ್ಲಿ ತೀರಿಕೊಂಡ; ಆತ ಕೂಡಿಟ್ಟ ಹಣ ಕಿರಿಯ ಮಗನ ವಿದ್ಯೆಗೆ ಮೀಸಲಾಯಿತು. ತಾಯಿ ಜೂಲಿಯಾ ಹಣ್ಣಿನ ಖಾಲಿ ತಗಡಿನ ಡಬ್ಬಿಗಳನ್ನು ಕತ್ತರಿಸಿ ಹೂಗಳನ್ನು ಮಾಡಿ ಮನೆಮನೆಗೆ ಮಾರುತ್ತಿದ್ದಳು. 1949ರಲ್ಲಿ ಚಿತ್ರಕಲೆಯ ಪದವಿ ಪಡೆದು ನ್ಯೂಯಾರ್ಕಿಗೆ ಬಂದ ತರುಣನಿಗೆ ಮೊದಲು ದೊರೆತ ಕೆಲಸಗಳಲ್ಲಿ ಒಂದು, ಸ್ತ್ರೀಯರ ಪತ್ರಿಕೆಯೊಂದಕ್ಕೆ ಪಾದರಕ್ಷೆಗಳ ಚಿತ್ರ ಬರೆಯುವುದು. 1955ರಿಂದ ಐ. ಮಿಲ್ಲರ್ ಎಂಬ ಪಾದರಕ್ಷೆ ಕಂಪನಿಗಾಗಿ ಆತ ಬರೆದ ಜೋಡುಗಳು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಸತತವಾಗಿ ಪ್ರಕಟವಾದವು. ಅಂದರೆ ಜಾಹೀರಾತೇ.

ಆ ಗೆರೆಯ ಗುಟ್ಟು ನಮ್ಮ ತಲೆಮಾರಿನವರಿಗೆ ಬೇಗ ಅರ್ಥವಾದೀತು. ಶಾಯಿ ಪೆನ್ನಿನ ಕಾಲದಲ್ಲಿ ಬರೆದ ಹಾಳೆಯ ಮೇಲೆ ಹೀರುಕಾಗದವನ್ನು ಒತ್ತಿದರೆ ಅಕ್ಷರಗಳು ತಿರುವುಮುರುವಾಗಿ, ಅಲ್ಲಲ್ಲಿ ತುಂಡಾಗಿ ಮೂಡುತ್ತಿದ್ದುದು ನೆನಪಿದೆಯೇ? ವಾರ್ಹಾಲ್ ಶಾಯಿ ಹೀರದ ಕಾಗದದ ಮೇಲೆ ಸ್ವಲ್ಪ ಸ್ವಲ್ಪವೇ ಬರೆದು, ಹಸಿಯಾಗಿರುವಾಗಲೇ ಪಕ್ಕಕ್ಕೆ ಅಂಟಿಸಿದ ಇನ್ನೊಂದು ಕಾಗದಕ್ಕೆ ಮಡಚಿ ಒತ್ತುತ್ತಿದ್ದ. ಕೈಬರಹವೂ ಅಲ್ಲದ, ಅಚ್ಚೂ ಅಲ್ಲದ ನಡುಗುವ ಗೆರೆ ಹೀಗೆ ಬಂದದ್ದು. ಅದೇ 1955ರಲ್ಲಿ ಆತ ಇಂತಹ ಜೋಡುಗಳ ಒಂದು ಸಂಪುಟವನ್ನೇ ಹೊರತಂದ. ಅದರ ಹೆಸರು, ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತನ ಕೃತಿಯ ಹೆಸರನ್ನು ತಮಾಷೆಗೆ ತಿರುಚಿ ‘ಕಳೆದುಹೋದ ಜೋಡಿನ ಹುಡುಕಾಟ’ ಎಂಬ ಅರ್ಥ ಬರುವಂತೆ ಇಟ್ಟದ್ದು. ಅಚ್ಚಾದ ಹಾಳೆಗಳಿಗೆ ಗೆಳೆಯರೆಲ್ಲ ಸೇರಿ ಕೈಯಿಂದ ಬಣ್ಣ ತುಂಬಿದರು. ಚಿತ್ರದ ಕೆಳಗಿನ ಸಾಲುಗಳನ್ನು ಬರೆದವಳು ತಾಯಿ ಜೂಲಿಯಾ. ಆಕೆಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಮಗ ಕೊಟ್ಟ ಪದಗಳನ್ನು ಒಂದೊಂದೇ ಅಕ್ಷರ ನೋಡಿ, ಬಳ್ಳಿಯಂತಹ ಬರಹದಲ್ಲಿ ಚಿತ್ರ ಬಿಡಿಸಿದಂತೆ ಬಿಡಿಸುತ್ತಿದ್ದಳು. ಅಕ್ಷರ ಬಿಟ್ಟುಹೋದರೂ ಮಗ ತಿದ್ದುತ್ತಿರಲಿಲ್ಲವಂತೆ.

ಮುಂದಿನ ಪ್ರಸಿದ್ಧಿಯ ಕಥೆಯನ್ನು ವಿಸ್ತರಿಸಬೇಕಾಗಿಲ್ಲ. 1962ರಲ್ಲಿ ಲಾಸ್ ಏಂಜಲಿಸಿನಲ್ಲಿ 32 ಸೂಪಿನ ಡಬ್ಬಿಗಳ ಚಿತ್ರಗಳನ್ನು ಸಾಲಾಗಿ ಪ್ರದರ್ಶಿಸಿದ. ಆ ಹೊತ್ತಿಗೆ ಕ್ಲೇಸ್ ಓಲ್ಡನ್‌ಬರ್ಗ್ ಎಂಬಾತ ನ್ಯೂಯಾರ್ಕಿನಲ್ಲಿ ಅಂಗಡಿಯನ್ನೇ ತೆರೆದು, ಗಾರೆಯಿಂದ ಮಾಡಿದ ಉಡುಪು, ತಿಂಡಿಗಳನ್ನು ಮಾರಾಟಕ್ಕಿಟ್ಟಿದ್ದ. ಜಿಮ್ ಡೈನ್ ಎಂಬಾತ ಪತ್ರಿಕೆಯ ಜಾಹೀರಾತಿನಲ್ಲಿ ಕಂಡ ಪುರುಷರ ನಿಲುವಂಗಿಯೊಂದನ್ನು 1964ರಿಂದ ಬಗೆಬಗೆಯಾಗಿ ಬರೆಯತೊಡಗಿದ. ನಿತ್ಯ ಕಣ್ಣಿಗೆ ಬಿದ್ದರೂ ನೋಡದೆ ಬಿಡುವ ಸರಕುಗಳೇ ಇವರಿಗೆ ವಸ್ತು. 1980ರಲ್ಲಿ ವಾರ್ಹಾಲ್ ಮತ್ತೆ ಜೋಡುಗಳಿಗೆ ಹಿಂದಿರುಗಿ, ನೆಲದ ಮೇಲೆ ಚೆಲ್ಲಿದ ಪಾದರಕ್ಷೆಗಳ ಛಾಯಾಚಿತ್ರವನ್ನು ಅಚ್ಚು ಮಾಡಿ ಅದರ ಮೇಲೆ ‘ವಜ್ರದ ಧೂಳಿ’ ಉದುರಿಸಿದ. ಹೆಸರಿಗೆ ವಜ್ರ; ನಿಜದ ವಜ್ರದ ಪುಡಿ ಮಂಕಾಗಿ ಕಂಡುದರಿಂದ ಬಳಸಿದ್ದು ಗಾಜಿನ ಪುಡಿ!

ಆ ಅಚ್ಚಿನ ವಿಧಾನವೂ ನಮಗೆ ಹೊಸದಲ್ಲ. ಚೌಕಟ್ಟಿಗೆ ಬಿಗಿದ ತೆಳು ಜಾಲರಿ ಬಟ್ಟೆಗೆ ಬೆಳಕಿಗೆ ಗಟ್ಟಿಯಾಗುವ ಲೇಪ ಬಳಿದು, ಚಿತ್ರದ ಪಾರದರ್ಶಕ ಪ್ರತಿಯನ್ನಿಟ್ಟು ಬೆಳಕು ಹಾಯಿಸುತ್ತಾರೆ. ಬೆಳಕು ತಾಗದ ಕಡೆ ಲೇಪ ನೀರಿಗೆ ತೊಳೆದುಹೋಗುತ್ತದೆ. ಆ ಕಿಂಡಿಗಳ ಮೂಲಕ ರಬ್ಬರಿನ ಪಟ್ಟಿಯಿಂದ ಶಾಯಿ ಎಳೆಯುತ್ತಾರೆ. ನಮ್ಮ ಊರುಗಳಲ್ಲಿ ಲಗ್ನಪತ್ರಿಕೆಗಳೂ ಮದುವೆಯ ತಾಂಬೂಲದ ಚೀಲಗಳೂ ಅಚ್ಚಾಗುವುದು ಹೀಗೆಯೇ.

ಅಂಗಡಿಯ ಚಿತ್ರ ಮನೆಯ ಗೋಡೆಗೇರುವುದೂ ನಮ್ಮಲ್ಲಿ ಹಳೆಯ ವಾಡಿಕೆ. ಮ್ಯಾಂಚೆಸ್ಟರಿನ ಗಿರಣಿಗಳಿಂದ ಬರುತ್ತಿದ್ದ ಬಟ್ಟೆಯ ಮೇಲೆ ಬಣ್ಣದ ಚೀಟಿಗಳನ್ನು ಅಂಟಿಸಿರುತ್ತಿದ್ದರು. ಅವುಗಳ ಮೇಲೆ ದೇವದೇವಿಯರು, ಆನೆ, ಹುಲಿ. ಜನ ಅವನ್ನು ಜೋಪಾನವಾಗಿ ತೆಗೆದಿರಿಸಿಕೊಳ್ಳುತ್ತಿದ್ದರು. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದ ಲಕ್ಷ್ಮಿ ಸರಸ್ವತಿಯರಿಗೆ ಗೃಹಿಣಿಯರು ಜರಿಯ ಸೀರೆ ಉಡಿಸಿ, ಚಮಕಿ ಅಂಟಿಸಿ ಕಟ್ಟು ಹಾಕಿಸುತ್ತಿದ್ದರು. ಗಾಜಿನ ಪುಡಿಯ ಮಿನುಗು ನೋಡಿ ನನಗೆ ಥಟ್ಟನೆ ನೆನಪಾದದ್ದು ಆ ಚಮಕಿ. ಕ್ಯಾಲೆಂಡರಿನ ಮಾತಂತೂ ಬೇಡ. ವರ್ಷವಿಡೀ ಅಕ್ಕಿ ವ್ಯಾಪಾರಿಯ ಹೆಸರಿನ ಮೇಲೆ ದೇವರು ಕುಳಿತಿರುತ್ತಾನೆ, ನಾವು ಕೈಮುಗಿಯುತ್ತೇವೆ. ಇದನ್ನು ಅತ್ತೆಯವರ ಮುಂದೆ ಹೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ಆದರೂ ಒಂದು ಸಂಗತಿ ನನಗೆ ಒಗ್ಗುವುದಿಲ್ಲ. ಈಗ ಸುಗಂಧದ ಸೀಸೆ, ತುಟಿಬಣ್ಣ, ದುಬಾರಿ ಕೈಚೀಲ, ಇವುಗಳ ಮೇಲೆ ಕಂಪನಿಯ ಹೆಸರು ದೊಡ್ಡದಾಗಿ ಕಾಣುವ ಪಟಗಳೇ ಹೆಚ್ಚಾಗಿ ಮಾರಾಟವಾಗುತ್ತಿವೆ. ವಾರ್ಹಾಲ್‌ಗೆ ಜೋಡಿನ ಚಿತ್ರ ಬರೆಯಲು ವರ್ತಕ ಹಣ ಕೊಟ್ಟ. ಇಂದು ವರ್ತಕನ ಹೆಸರನ್ನು ಗೋಡೆಗೆ ಹಾಕಿಕೊಳ್ಳಲು ಹಣ ಕೊಡುವವರು ನಾವು. ಕೊಳ್ಳಲೇಬೇಕೆಂದಿದ್ದರೆ ಕೈಯ ಗೆರೆ ಕಾಣುವ ಚಿತ್ರವನ್ನು ಆರಿಸಿರಿ. ಅಂಗಡಿಯಲ್ಲಿ ದೊರೆಯುವುದು ಬಹುಮಟ್ಟಿಗೆ ಯಂತ್ರದ ಪ್ರತಿಯೇ ಹೊರತು ಜಾಲರಿಯ ಅಚ್ಚಲ್ಲ. ‘ಮೂಲ’ ಎಂಬ ಮಾತಿಗೆ ಮರುಳಾಗಿ ಹೆಚ್ಚು ಹಣ ತೆರಬೇಡಿರಿ. ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ; ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಗೆ ತೂಗಬಾರದು; ಕಾಗದ ಗಾಜಿಗೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಕೊಡಿಸಿದರೆ ಬೂಷ್ಟು ಹಿಡಿಯುವುದು ಕಡಿಮೆ.

ನಮ್ಮ ಮನೆಯ ಪಟ ಈಗ ಮಗಳ ಕೋಣೆಯಲ್ಲಿ, ಬಟ್ಟೆಯ ಕಪಾಟಿನ ಪಕ್ಕದಲ್ಲಿದೆ. ಅಜ್ಜಿ ಹಿತ್ತಿಲಿನಲ್ಲಿ ನಡುಗುತ್ತ ಕುಳಿತದ್ದನ್ನು ಕಂಡ ದಿನವೇ ಅವಳೇ ಮೊಳೆ ಕಿತ್ತಳು. ನಾನು ಹೇಳಬೇಕಾಗಿ ಬರಲಿಲ್ಲ. ಅತ್ತೆಯವರ ಮಣೆ ಪಡಸಾಲೆಗೆ ಮರಳಿತು.

ವಾರ ಕಳೆದ ಮೇಲೆ, ಮಗಳು ಬೆಂಗಳೂರಿಗೆ ಹೊರಡುವ ಹಿಂದಿನ ಸಂಜೆ, ಅತ್ತೆಯವರು ಆ ಕೋಣೆಗೆ ಹೋಗಿ ಕುಳಿತರು. ಚಿತ್ರದ ಕೆಳಗಿನ ಬರಹ ಯಾರದೆಂದು ಕೇಳಿದರು. ಮಗಳು ಜೂಲಿಯಾಳ ಕಥೆ ಹೇಳಿದಳು. “ಆಕೆಗೆ ಎಷ್ಟು ಮಕ್ಕಳು?” “ಮೂವರು ಗಂಡುಮಕ್ಕಳು ಅಜ್ಜಿ. ಮೊದಲು ಒಂದು ಹೆಣ್ಣು ಹುಟ್ಟಿತ್ತು. ಗಂಡ ಅಮೆರಿಕೆಯಲ್ಲಿದ್ದಾಗ ಹಳ್ಳಿಯಲ್ಲೇ ಕೂಸು ತೀರಿಹೋಯಿತಂತೆ.” ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಕನ್ನಡಕ ತರಿಸಿಕೊಂಡು, ಓದಲು ಬಾರದ ಆ ಸಾಲಿನ ಮೇಲೆ ಗಾಜಿನ ಹೊರಗಿನಿಂದಲೇ ಬೆರಳಾಡಿಸುತ್ತ, ಒಂದೊಂದೇ ಅಕ್ಷರವನ್ನು ಕೊನೆಯವರೆಗೂ ನೋಡಿದರು.