ಪ್ರತಿಕಾಯವಿದ್ದರೆ ಸಾಲದು

ಕೋವಿಡ್ ಬಂದ ಮೇಲೆ ಪ್ರತಿಕಾಯ ಎಂಬುದು ಮನೆಮಾತಾಗಿದೆ. ರಕ್ತದಲ್ಲಿ ಅದಿದ್ದರೆ ರಕ್ಷಣೆಯುಂಟು, ಇಲ್ಲದಿದ್ದರೆ ಸೋಂಕೇ ತಗುಲಿಲ್ಲ ಎಂದು ಭಾವಿಸುವವರು ಹಲವರು. ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರ ವಿಷಯದಲ್ಲಿ ಈ ಲೆಕ್ಕವನ್ನು ಒಪ್ಪಲಾಗದು ಎಂಬುದು ನನ್ನ ವಿನಮ್ರ ವಾದ.

ಸೈಟೋಮೆಗಾಲೊ ವೈರಸ್ಸನ್ನೇ ನೋಡಿ. ಭಾರತದ ಬಹುಪಾಲು ವಯಸ್ಕರ ಮೈಯಲ್ಲಿ ಅದು ತಣ್ಣಗೆ ಅಡಗಿರುತ್ತದೆ. ಕಸಿಗೆ ಮುನ್ನ ರೋಗಿಯಲ್ಲಿ ಇದರ ಪ್ರತಿಕಾಯ ಕಂಡುಬಂದರೆ ವೈದ್ಯರು ನಿಶ್ಚಿಂತರಾಗುವುದಿಲ್ಲ, ಎಚ್ಚರಗೊಳ್ಳುತ್ತಾರೆ. ವೈರಸ್ ಒಳಗೇ ಇದೆ, ರೋಗನಿರೋಧಕ ಶಕ್ತಿ ಕುಸಿದ ಕೂಡಲೇ ತಲೆಯೆತ್ತಬಹುದು ಎಂಬುದೇ ಆ ವರದಿಯ ಅರ್ಥ.

ಕಸಿಯ ನಂತರದ ವರದಿ ಇನ್ನೂ ಗೊಂದಲದ್ದು. ಪ್ರತಿಕಾಯ ತಯಾರಿಸುವುದು ಬಿ ಕೋಶಗಳು; ದಾನಿಯ ಕಾಂಡಕೋಶಗಳಿಂದ ಹುಟ್ಟುವ ಹೊಸ ಬಿ ಕೋಶಗಳು ಪಳಗಲು ವರ್ಷವೋ ಎರಡು ವರ್ಷವೋ ಬೇಕು. ಅಲ್ಲಿಯವರೆಗೆ ಸೋಂಕಿದ್ದರೂ ಪ್ರತಿಕಾಯ ಕಾಣಿಸದಿರಬಹುದು. ಕಂಡದ್ದೂ ಡ್ರಿಪ್‌ನಲ್ಲಿ ಕೊಟ್ಟ ಇಮ್ಯುನೊಗ್ಲೋಬ್ಯುಲಿನ್‌ನಿಂದ ಬಂದ ಎರವಲಾಗಿರಬಹುದು. ಸುಮಾರು 3 ವಾರಗಳಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಆದ್ದರಿಂದಲೇ ಕಸಿ ಘಟಕಗಳು ಸಾಮಾನ್ಯವಾಗಿ ವಾರವಾರವೂ ಪಿಸಿಆರ್ ಮಾಡಿ ವೈರಸ್ಸಿನ ಡಿಎನ್‌ಎಯನ್ನೇ ಅಳೆಯುತ್ತವೆ.

ಈ ವೈರಸ್ಸನ್ನು ಹತೋಟಿಯಲ್ಲಿಡುವ ಮುಖ್ಯ ಶಕ್ತಿ ಟಿ ಕೋಶಗಳದು. ಅಮೆರಿಕದ ಸಿಯಾಟಲ್‌ನ ಸಂಶೋಧಕರು ದಾನಿಗಳಿಂದ ಪಡೆದ, ಈ ವೈರಸ್ಸನ್ನು ಗುರುತಿಸುವ ಟಿ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ 14 ಕಸಿ ರೋಗಿಗಳಿಗೆ ಕೊಟ್ಟರು. 1995ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಅವರಲ್ಲಿ ಒಬ್ಬರ ರಕ್ತದಲ್ಲೂ ವೈರಸ್ ತಲೆಯೆತ್ತಲಿಲ್ಲ. ಪ್ರಯೋಗ ಚಿಕ್ಕದು ನಿಜ. ಆದರೆ ರಕ್ಷಣೆಯನ್ನು ಎಲ್ಲಿ ಹುಡುಕಬೇಕೆಂಬುದನ್ನು ಅದು ತೋರಿಸಿತು.

ಹಾಗೆಂದು ಪ್ರತಿಕಾಯಕ್ಕೆ ಬೆಲೆಯಿಲ್ಲವೆಂದಲ್ಲ. ದಡಾರ, ಹೆಪಟೈಟಿಸ್ ಬಿ ಮುಂತಾದವುಗಳಿಂದ ಕಾಪಾಡುವುದರಲ್ಲಿ ಅದರ ಪಾತ್ರ ದೊಡ್ಡದು. ಆದರೆ ಬಾಲ್ಯದ ಲಸಿಕೆಗಳಿಂದ ಬಂದ ಪ್ರತಿಕಾಯ ಕಸಿಯ ನಂತರ ಕ್ರಮೇಣ ಕರಗುತ್ತದೆ. ಹಲವು ಲಸಿಕೆಗಳನ್ನು ಮೊದಲ ವರ್ಷದಲ್ಲೇ ಮತ್ತೆ ಆರಂಭಿಸಬಹುದು. ದಡಾರದಂಥ ಜೀವಂತ ಲಸಿಕೆಗೆ ಮಾತ್ರ ಕನಿಷ್ಠ 2 ವರ್ಷ ಕಾಯಬೇಕು. ಆಗಲೂ ರೋಗನಿರೋಧಕತೆ ಚೇತರಿಸಿಕೊಂಡಿರಬೇಕು. ಅಷ್ಟು ಕಾಲ ರೋಗಿಯನ್ನು ದಡಾರದಿಂದ ದೂರವಿಡಬೇಕಾದವರು ಲಸಿಕೆ ಹಾಕಿಸಿಕೊಂಡ ಮನೆಮಂದಿ, ನೆರೆಹೊರೆಯವರು.

ಆದ್ದರಿಂದ ಕುಟುಂಬದವರು 'ಆ್ಯಂಟಿಬಾಡಿ ಬಂತೇ?' ಎಂದಷ್ಟೇ ಕೇಳಿ ಸುಮ್ಮನಾಗಬಾರದು. ವೈರಸ್ ಎಷ್ಟಿದೆ, ಟಿ ಕೋಶಗಳು ಎಷ್ಟು ಚೇತರಿಸಿವೆ, ಮರುಲಸಿಕೆ ಯಾವಾಗ, ಮನೆಯವರು ಯಾವ ಲಸಿಕೆ ಹಾಕಿಸಿಕೊಳ್ಳಬೇಕು ಎಂದೂ ವೈದ್ಯರನ್ನು ಕೇಳಲಿ. ರೋಗಿಗೆ ನೆರವಾಗುವುದು ಈ ಪ್ರಶ್ನೆಗಳ ಉತ್ತರವೇ.