ಕಾಣದ ಮಾತ್ರಕ್ಕೆ ಇಲ್ಲವೆನ್ನಬಹುದೇ?



ಮನೆಯಲ್ಲಿರುವ ಕಂಪ್ಯೂಟರನ್ನು ಪರಸ್ಥಳದಲ್ಲಿ ಕುಳಿತು ತೆರೆದು ನೋಡುವ ಸೌಕರ್ಯವು ಈಗ ಅನೇಕ ಗೃಹಸ್ಥರಿಗೆ ಪರಿಚಿತವಾದುದೇ ಸರಿ. ಆದರೆ ಸಂಪರ್ಕವೇನೋ ಉಂಟಾಗಿ, ಪರದೆಯ ಮೇಲೆ ಮಾತ್ರ ಏನೂ ತೋರದೆ ಹೋದರೆ ಮಾಡತಕ್ಕದ್ದೇನೆಂಬುದನ್ನು ಬಲ್ಲವರು ವಿರಳ. ಕಳೆದ ತಿಂಗಳು ಆ ಸಂಕಟವು ನನಗೇ ಒದಗಿದುದರಿಂದ, ಈ ಸಲದ ಪುಟವನ್ನು ಅದಕ್ಕೆಂದೇ ಮೀಸಲಿಟ್ಟಿರುವೆನು.

ನಮ್ಮ ಅಣ್ಣನವರು ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿನ ಒಂದು ಆಸ್ಪತ್ರೆಯನ್ನು ಸೇರಿದ್ದರು. ನಾನು ಅಲ್ಲಿಯೇ ಮಗಳ ಮನೆಯಲ್ಲಿ ಇಳಿದುಕೊಂಡಿದ್ದೆನು. ಮರುದಿನ ಬೆಳಗ್ಗೆ ಚಿಕಿತ್ಸೆಯೆಂದಿರುವಾಗ ವೈದ್ಯರು, "ಇವರಿಗೆ ಹಿಂದೆ ಯಾವುದಾದರೂ ಔಷಧವು ಒಗ್ಗದೆ ಹೋದದ್ದುಂಟೋ?" ಎಂದು ಕೇಳಿದರು. ಉಂಟು. ಏಳು ವರ್ಷಗಳ ಹಿಂದೆ ಒಂದು ಸೂಜಿಮದ್ದಿನಿಂದ ಅವರಿಗೆ ಉಸಿರೇ ಕಟ್ಟುವಂತಾಗಿತ್ತು. ಆದರೆ ಅದರ ಹೆಸರು ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಆಗಿನ ವೈದ್ಯರು ಬರೆದುಕೊಟ್ಟಿದ್ದ ಕಾಗದದ ಪ್ರತಿಯು ಶಿವಮೊಗ್ಗದ ನಮ್ಮ ಮನೆಯ ಕಂಪ್ಯೂಟರಿನಲ್ಲಿದ್ದಿತು. ಪುಣ್ಯಕ್ಕೆ ಆ ಯಂತ್ರವನ್ನು ಆರಿಸದೆಯೇ ಬಂದಿದ್ದೆನು.

ರಾತ್ರಿ ಒಂಬತ್ತು ಗಂಟೆಗೆ ಮಗಳ ಲ್ಯಾಪ್‌ಟಾಪಿನಿಂದ ಮನೆಯ ಯಂತ್ರವನ್ನು ಸಂಪರ್ಕಿಸಿದೆನು. ಪಾಸ್‌ವರ್ಡು ಅಂಗೀಕೃತವಾಯಿತು. ಅನಂತರ ಪರದೆಯೆಲ್ಲ ಕಾಡಿಗೆ ಬಳಿದಂತೆ ಬರಿಯ ಕಪ್ಪು! ಮೂರು ಸಲ ಪ್ರಯತ್ನಿಸಿದರೂ ಅಷ್ಟೆ. ಯಂತ್ರವು ಕೆಟ್ಟಿತೆಂದು ನಿಶ್ಚಯಿಸಿ, ಬೀಗದ ಕೈಯನ್ನಿರಿಸಿಕೊಂಡಿದ್ದ ಪಕ್ಕದ ಮನೆಯಾಕೆಗೆ ಫೋನು ಮಾಡಿ, ಅದನ್ನು ಒಮ್ಮೆ ಆರಿಸಿ ಹಾಕಿರೆಂದು ಹೇಳಹೊರಟೆನು. ಮಗಳು ತಡೆದಳು. "ಅಪ್ಪಾ, ಸತ್ತ ಯಂತ್ರವು ಪಾಸ್‌ವರ್ಡನ್ನು ಒಪ್ಪಿಕೊಳ್ಳುವುದುಂಟೇ?" ಎಂದಳು.

ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಪಾಠ ಹೇಳಿದವನಿಗೆ ಇದು ಹೊಳೆಯದೆ ಹೋಯಿತಲ್ಲಾ ಎಂದು ನಾಚಿಕೆಯಾಯಿತು. ವಸ್ತುವೊಂದು ಕಾಣದಿದ್ದರೆ ಅದು ಇಲ್ಲವೆನ್ನಬೇಕಾದರೆ, ಇದ್ದಿದ್ದರೆ ಕಂಡೇ ಕಾಣಬೇಕಾದ ಸಂದರ್ಭವು ಅದಾಗಿರಬೇಕೆಂದು ನಮ್ಮ ಶಾಸ್ತ್ರಕಾರರು ಹೇಳುತ್ತಾರೆ. ಇರುವ ವಸ್ತುವು ಕಾಣದಿರುವುದಕ್ಕೆ ಈಶ್ವರಕೃಷ್ಣನ ಸಾಂಖ್ಯಕಾರಿಕೆಯು ಎಂಟು ಕಾರಣಗಳನ್ನು ಎಣಿಸಿದೆ. ನಡುವೆ ಅಡ್ಡಿಯಿರುವುದು, ವಸ್ತುವು ಅತಿ ಸೂಕ್ಷ್ಮವಾಗಿರುವುದು, ನೋಡುವವನ ಮನಸ್ಸು ನೆಲೆಯಲ್ಲಿಲ್ಲದಿರುವುದು ಇವು ಅವುಗಳಲ್ಲಿ ಸೇರಿವೆ. ಆ ರಾತ್ರಿ ನನ್ನ ಮನಸ್ಸೂ ನೆಲೆಯಲ್ಲಿರಲಿಲ್ಲ.

ಪಾಸ್‌ವರ್ಡನ್ನು ಪರೀಕ್ಷಿಸಿದುದು ಮನೆಯ ಯಂತ್ರವೇ ಆದುದರಿಂದ ಅದು ಎಚ್ಚರವಾಗಿತ್ತು, ದಾರಿಯೂ ತೆರೆದಿತ್ತು. ದೋಷವು ಚಿತ್ರದಲ್ಲಿ ಮಾತ್ರ ಇರಬೇಕು. ಆಗ ಪಕ್ಕದ ಮನೆಯಾಕೆಯನ್ನು, "ಅಮ್ಮಾ, ಕಂಪ್ಯೂಟರಿನ ಬಳಿ ಏನನ್ನಾದರೂ ಮುಟ್ಟಿದಿರಾ?" ಎಂದು ಕೇಳಿದೆನು. "ಹೌದು ಮೇಷ್ಟ್ರೇ, ತುಳಸಿಗೆ ನೀರೆರೆಯಲು ಬಂದಾಗ ನೋಡಿದೆ. ಕರೆಂಟು ದಂಡವಾಗುತ್ತಿದೆಯೆಂದು ಆ ಟಿವಿಯಂಥದರ ಸ್ವಿಚ್ಚನ್ನು ಆರಿಸಿದೆ" ಎಂದರು. ಸ್ವಿಚ್ಚು ಹಾಕಿಸಿದ ಅರ್ಧ ನಿಮಿಷದಲ್ಲಿ ನನ್ನ ಮುಂದೆ ಮನೆಯ ಪರದೆಯು ಬೆಳಗಿತು. ಯಂತ್ರವನ್ನೇ ಆರಿಸಿದ್ದರೆ ಕೆಲಸ ಕೆಡುತ್ತಿತ್ತು. ಅದು ಮತ್ತೆ ಎದ್ದರೂ, ಯಾರಾದರೂ ಅಲ್ಲಿ ಕುಳಿತು ಒಳಹೊಕ್ಕಲ್ಲದೆ ನಮ್ಮ ದೂರದರ್ಶನದ ತಂತ್ರಾಂಶವು ಏಳುತ್ತಿರಲಿಲ್ಲ.

ಹೀಗಾದುದರ ಕಾರಣವನ್ನು ತಿಳಿಯಬೇಕು. ಇಂಥ ತಂತ್ರಾಂಶಗಳಲ್ಲಿ ಎರಡು ಬಗೆ. ವಿಎನ್‌ಸಿ ಮೊದಲಾದವು ಮನೆಯ ಪರದೆಯಲ್ಲಿರುವ ಚಿತ್ರವನ್ನೇ ಕನ್ನಡಿಯಂತೆ ತೋರಿಸುವುವು. ಮಾನಿಟರು ಆರಿದಾಗ ಕೆಲವು ಯಂತ್ರಗಳು ಪರದೆಯೇ ಇಲ್ಲವೆಂದು ಬಗೆದು ಚಿತ್ರ ಬರೆಯುವುದನ್ನು ನಿಲ್ಲಿಸುತ್ತವೆ; ಆಗ ಕನ್ನಡಿಯಲ್ಲಿ ಕಾಣುವುದೇನು? ಮಾನಿಟರನ್ನು ಹಾಕಿಯೇ ಇಡುವುದು ಅಥವಾ ಎಚ್‌ಡಿಎಂಐ ಡಮ್ಮಿ ಪ್ಲಗ್ ಎಂಬ ಚಿಕ್ಕ ಸಾಧನವನ್ನು ಸಿಕ್ಕಿಸುವುದು ಇದಕ್ಕೆ ಪರಿಹಾರ. ಪರದೆಯೊಂದು ಇದೆಯೆಂದು ಅದು ಯಂತ್ರವನ್ನು ನಂಬಿಸುತ್ತದೆ.

ವಿಂಡೋಸ್‌ನದೇ ಆದ ರಿಮೋಟ್ ಡೆಸ್ಕ್‌ಟಾಪ್ ಎರಡನೆಯ ಬಗೆ. ಅದು ನೋಡುವವನಿಗಾಗಿ ಬೇರೆಯೇ ಚಿತ್ರವನ್ನು ಬರೆದುಕೊಡುವುದರಿಂದ ಮಾನಿಟರಿನ ಹಂಗು ಅದಕ್ಕಿಲ್ಲ. ಆದರೆ ವಿಂಡೋಸ್‌ನ ಹೋಂ ಆವೃತ್ತಿಯ ಯಂತ್ರವನ್ನು ಇದರ ಮೂಲಕ ಹೊರಗಿನಿಂದ ತೆರೆಯಲಾಗದು. ಪ್ರೊ ಆವೃತ್ತಿ ಬೇಕು. ಇದರಲ್ಲಿಯೂ ಕಪ್ಪು ಕವಿದರೆ ಕಂಟ್ರೋಲ್, ಆಲ್ಟ್, ಎಂಡ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ನೋಡಿರಿ. ಅಲ್ಲಿನ ಯಂತ್ರದ ಆಯ್ಕೆಗಳ ಪಟ್ಟಿ ತೋರಿದರೆ ಅದು ಜೀವಂತವಾಗಿದೆಯೆಂದು ತಿಳಿಯಬಹುದು. ತೋರದಿದ್ದರೆ ಸಂಪರ್ಕವನ್ನು ಕಡಿದು, ಹಳೆಯ ಚಿತ್ರಗಳನ್ನು ಕೂಡಿಟ್ಟುಕೊಳ್ಳುವ ಬಿಟ್‌ಮ್ಯಾಪ್ ಕ್ಯಾಶಿಂಗ್ ಎಂಬ ಗುರುತನ್ನು ತೆಗೆದು, ಮತ್ತೆ ಸಂಪರ್ಕಿಸಿರಿ.

ಅಕ್ಷರಗಳು ಸಾಸಿವೆಯಂತೆ ಕಂಡರೆ ಅದು ಸೂಕ್ಷ್ಮತೆಯ ದೋಷ. ಮನೆಯ ಪರದೆಯಲ್ಲಿ 1920×1080 ಚುಕ್ಕಿಗಳೂ ಕೈಯಲ್ಲಿರುವುದರಲ್ಲಿ 3840×2160 ಚುಕ್ಕಿಗಳೂ ಇದ್ದು, ಚುಕ್ಕಿಗೆ ಚುಕ್ಕಿ ಹೊಂದಿಸಿ ತೋರಿಸಿದರೆ, ಚಿತ್ರವು ಪರದೆಯ ಕಾಲು ಭಾಗವನ್ನು ಮಾತ್ರ ತುಂಬುವುದು. ಚಿತ್ರವನ್ನು ಕಿಟಕಿಯ ಅಳತೆಗೆ ಹಿಗ್ಗಿಸುವ ಆಯ್ಕೆಯನ್ನು ಹುಡುಕಿ ಹಾಕಿಕೊಳ್ಳಬೇಕು.

ಮನೆಯಲ್ಲಿ ಎರಡು ಮಾನಿಟರುಗಳಿದ್ದರೆ, ನೀವು ತೆರೆದ ಕಡತವು ಕಾಣದ ಎರಡನೆಯದರಲ್ಲಿ ಅಡಗಿರಬಹುದು. ಆ ಕಡತವನ್ನು ಆರಿಸಿಕೊಂಡು, ವಿಂಡೋಸ್ ಮತ್ತು ಶಿಫ್ಟ್ ಕೀಲಿಗಳೊಡನೆ ಬಾಣದ ಕೀಲಿಯನ್ನು ಒತ್ತಿದರೆ ಅದು ಈಚೆಯ ಪರದೆಗೆ ಬರುವುದು.

ಇನ್ನು ಸಂಪರ್ಕವೇ ಆಗದಿದ್ದರೆ ಯಂತ್ರವು ನಿದ್ರಿಸುತ್ತಿರಬಹುದು. ಊರಿಗೆ ಹೊರಡುವ ಮುನ್ನ, ಪವರ್ ಎಂಬ ವಿಭಾಗದಲ್ಲಿ ಸ್ಲೀಪ್ ಎಂಬುದನ್ನು 'ಎಂದಿಗೂ ಬೇಡ' ಎಂದು ಇರಿಸುವುದು ಒಳ್ಳೆಯದು.

ಕಡೆಯದಾಗಿ ಒಂದು ಎಚ್ಚರಿಕೆ. ಗಾಬರಿಯಲ್ಲಿ ಅಂತರ್ಜಾಲದಲ್ಲಿ ಸಿಕ್ಕಿದ ಸಹಾಯದ ನಂಬರಿಗೆಲ್ಲ ಫೋನು ಮಾಡಬೇಡಿರಿ. ಅಪರಿಚಿತನು ಹೇಳಿದ ತಂತ್ರಾಂಶವನ್ನು ಹಾಕಿಕೊಂಡು, ತೋರಿದ ಸಂಕೇತಸಂಖ್ಯೆಯನ್ನು ಅವನಿಗೆ ಓದಿ ಹೇಳುವುದು ಮನೆಯ ಬೀಗದ ಕೈಯನ್ನೇ ಕೊಟ್ಟಂತೆ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಫೋನು ಮಾಡಿ ದೂರು ಕೊಡತಕ್ಕದ್ದು.

ಆ ರಾತ್ರಿಯೇ ಔಷಧದ ಹೆಸರು ವೈದ್ಯರಿಗೆ ಮುಟ್ಟಿತು. ಅಣ್ಣನವರು ಗುಣಹೊಂದಿ ಮನೆಗೆ ಬಂದಿದ್ದಾರೆ. ಈಗ ಆ ಹೆಸರನ್ನು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಅವರ ಕಿಸೆಯಲ್ಲಿ ಇರಿಸಿದ್ದೇನೆ. ಅದನ್ನು ಓದಲು ಯಾವ ಪರದೆಯೂ ಬೇಕಿಲ್ಲ.